ಮಲೆನಾಡಿನ ಹೊಗೆಯೂ ಶ್ವಾಸಕೋಶದ ಹೊಸ ವೈದ್ಯವೂ

ಕಾರ್ತಿಕ ಮಾಸವು ಕಳೆಯುತ್ತ ಬಂದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಗಳಲ್ಲಿ ಅಡಿಕೆಯ ಕೊಯ್ಲಿನ ಗಡಿಬಿಡಿ ಮೊದಲಾಗುತ್ತದೆ. ಹಸಿಯಡಿಕೆಯನ್ನು ಸುಲಿದು, ದೊಡ್ಡ ಹಂಡೆಯಲ್ಲಿ ಕುದಿಸಿ, ಚೊಗರಿನ ಬಣ್ಣ ಹಿಡಿಸಿ, ಅಟ್ಟದ ಮೇಲೆ ಒಣಹಾಕುವ ಈ ಕಾರ್ಯ ವಾರಗಟ್ಟಲೆ ನಡೆಯುತ್ತದೆ. ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಲೇ ಇರಬೇಕು. ಇಬ್ಬನಿಯ ಆ ಮುಂಜಾವಿನಲ್ಲಿ ಹೊಗೆ ಮೇಲಕ್ಕೇರದೆ ಕಣಿವೆಯ ತೋಟದ ಮೇಲೆ ತೆಳ್ಳನೆಯ ಹೊದಿಕೆಯಂತೆ ನಿಂತಿರುವುದನ್ನು ಈ ಸೀಮೆಯಲ್ಲಿ ಸಂಚರಿಸಿದವರೆಲ್ಲರೂ ಕಂಡಿರುತ್ತಾರೆ. ನೋಟವೇನೋ ರಮ್ಯವಾದದ್ದೇ. ಆದರೆ ಆ ಹಂಡೆಯ ಬಳಿ ಕುಳಿತವರ ಕೆಮ್ಮು ದೂರದ ದಾರಿಹೋಕನಿಗೆ ಕೇಳಿಸುವುದಿಲ್ಲ. ಇದನ್ನು ಕುರಿತು ಅಲ್ಲಿಯ ಹಿರಿಯರೊಬ್ಬರನ್ನು ನಾವು ಒಮ್ಮೆ ವಿಚಾರಿಸಿದಾಗ, “ಹೊಗೆ ಕುಡಿಯದೆ ಅಡಿಕೆ ಬೆಂದೀತೆ?” ಎಂದು ನಕ್ಕುಬಿಟ್ಟರು.

ಶ್ವಾಸಕೋಶದ ರೋಗಗಳ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದಿರುವ ಸಂಶೋಧನೆಗಳು ಸಾಮಾನ್ಯವಾದವುಗಳಲ್ಲ. ಅವುಗಳಲ್ಲಿ ಕೆಲವು ನಮ್ಮ ನಾಡಿನಲ್ಲೇ, ನಮ್ಮವರಿಂದಲೇ ನಡೆದವು. ಹಾಗಿದ್ದೂ ಅವುಗಳ ಫಲ ಘಟ್ಟದ ಮೇಲಿನ ಈ ಮೂರು ತಾಲೂಕುಗಳಂಥ ಕಡೆಗೆ ತಲುಪುವಾಗ ದಾರಿಯಲ್ಲೆಲ್ಲೋ ಸೋರಿಹೋಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ಏಕೆ ಹೀಗಾಗುತ್ತಿದೆಯೆಂಬುದನ್ನು ವಿದ್ಯಾರ್ಥಿಗಳಾದ ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಈ ಅಂಗದ ರಚನೆಯನ್ನು ನೆನೆಯೋಣ. ನಿಮಿಷಕ್ಕೆ ಹದಿನೈದು ಸಲದಂತೆ ಉಸಿರಾಡುವ ಮನುಷ್ಯನು ದಿನಕ್ಕೆ ೨೧,೬೦೦ ಸಲ ಉಸಿರಾಡುತ್ತಾನೆ. ನಮ್ಮ ಯೋಗಶಾಸ್ತ್ರದವರು ಹೇಳುವ ಸಂಖ್ಯೆಯೂ ಇದೇ ಆಗಿರುವುದು ವಿನೋದದ ಸಂಗತಿ. ಸಲಕ್ಕೆ ಅರ್ಧ ಲೀಟರಿನಂತೆ ಹಿಡಿದರೂ ಹತ್ತು ಸಾವಿರ ಲೀಟರಿಗೂ ಮಿಕ್ಕ ಗಾಳಿ ದಿನವೊಂದಕ್ಕೆ ನಮ್ಮ ಎದೆಯೊಳಗೆ ಹೋಗಿಬರುತ್ತದೆ. ಶ್ವಾಸನಾಳವು ಮರದ ಕೊಂಬೆಗಳಂತೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಮೂವತ್ತರಿಂದ ಐವತ್ತು ಕೋಟಿಯಷ್ಟು ವಾಯುಕೋಶಗಳಲ್ಲಿ ಮುಗಿಯುತ್ತದೆ. ಇವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅಡಿಕೆ ಒಣಹಾಕುವ ಒಂದು ಅಂಗಳವೇ ತುಂಬೀತು; ಎಪ್ಪತ್ತು ಚದರ ಮೀಟರಿನಷ್ಟು ವಿಸ್ತಾರವೆಂದು ಲೆಕ್ಕ. ದೊಡ್ಡ ಧೂಳಿನ ಕಣಗಳನ್ನು ಮೂಗು ತಡೆಯುತ್ತದೆ. ನಡುವಣ ಗಾತ್ರದವುಗಳನ್ನು ನಾಳದ ಲೋಳೆಯೂ ಅದರ ಮೇಲಿನ ಸೂಕ್ಷ್ಮ ರೋಮಗಳೂ ಹೊರಕ್ಕೆ ತಳ್ಳುತ್ತವೆ. ಆದರೆ ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಒಂದು ಮೈಕ್ರಾನು ಎಂದರೆ, ಎರಡೂವರೆ ಮೈಕ್ರಾನಿಗಿಂತ ಕಿರಿದಾದ ಕಣಗಳನ್ನು ತಡೆಯುವ ಉಪಾಯ ಪ್ರಕೃತಿಗೆ ತಿಳಿಯದೆ ಹೋಯಿತು. ನಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಆಸುಪಾಸು. ಅದರ ಮೂವತ್ತರಲ್ಲೊಂದು ಪಾಲಿಗೂ ಕಿರಿದಾದ ಇಂಥ ಕಣಗಳು ಕಟ್ಟಿಗೆಯ ಹೊಗೆಯಲ್ಲಿ ಹೇರಳವಾಗಿವೆ. ಅವು ನೇರವಾಗಿ ವಾಯುಕೋಶದವರೆಗೆ ಇಳಿದು ಅಲ್ಲಿ ನೆಲೆಸುತ್ತವೆ.

ಶ್ವಾಸಕೋಶ ಕೆಡುವುದಕ್ಕೆ ಬೀಡಿ ಸಿಗರೇಟುಗಳೇ ಕಾರಣವೆಂದು ಬಹುಕಾಲ ವೈದ್ಯರೂ ನಂಬಿದ್ದರು. ಬೀಡಿಯನ್ನು ಮುಟ್ಟದ ಹೆಂಗಸರಿಗೆ ಉಬ್ಬಸ ಬಂದರೆ ಅದು ‘ಹವೆಯ ದೋಷ’. ಮಲೆನಾಡಿನಲ್ಲಂತೂ ದೋಷವನ್ನು ಹೊರಿಸಲು ನಾಲ್ಕು ತಿಂಗಳ ಮಳೆ ಸಿದ್ಧವಾಗಿಯೇ ಇದೆ. ವರ್ಷದಲ್ಲಿ ಮೂರು ತಿಂಗಳು ಕಫದ ಕೆಮ್ಮಿದ್ದು, ಎರಡು ವರ್ಷ ಎಡೆಬಿಡದೆ ಹೀಗೆಯೇ ನಡೆದರೆ ವೈದ್ಯಶಾಸ್ತ್ರವು ಅದನ್ನು ಶ್ವಾಸನಾಳಗಳ ದೀರ್ಘಕಾಲದ ಉರಿಯೂತವೆಂದು ಕರೆಯುತ್ತದೆ. ನಮ್ಮ ಜನರು ಅದನ್ನು ಮಳೆಗಾಲವೆಂದು ಕರೆಯುತ್ತಾರೆ!

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ|| ಪಿ.ಎ. ಮಹೇಶರೂ ಅವರ ಸಹೋದ್ಯೋಗಿಗಳೂ ಈ ವಿಷಯವನ್ನು ಹಿಡಿದು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನದ ಅಭ್ಯಾಸವಿಲ್ಲದ ಮಹಿಳೆಯರನ್ನು ಪರೀಕ್ಷಿಸಿದರು. ೨೦೧೩ರಲ್ಲಿ ಪ್ರಕಟವಾದ ಅವರ ಪ್ರಬಂಧವು ನಮಗೆ ಬಹಳ ಉಪಯುಕ್ತವಾದ ಒಂದು ಅಳತೆಗೋಲನ್ನು ಒದಗಿಸಿದೆ. ದಿನಕ್ಕೆ ಎಷ್ಟು ಗಂಟೆ ಕಟ್ಟಿಗೆಯ ಒಲೆಯ ಮುಂದೆ ಕಳೆಯುತ್ತಾರೋ ಆ ಸಂಖ್ಯೆಯನ್ನು, ಎಷ್ಟು ವರ್ಷಗಳಿಂದ ಹಾಗೆ ಕಳೆದಿದ್ದಾರೋ ಆ ಸಂಖ್ಯೆಯಿಂದ ಗುಣಿಸಬೇಕು. ಬಂದ ಗುಣಲಬ್ಧವೇ ಹೊಗೆಯ ಸೂಚ್ಯಂಕ. ಇದು ೬೦ನ್ನು ಮುಟ್ಟಿತೆಂದರೆ ದೀರ್ಘಕಾಲದ ಕೆಮ್ಮುಕಫಗಳ ಅಪಾಯ ಎದ್ದುಕಾಣುವಂತಾಗುತ್ತದೆಯೆಂದು ಅವರು ತೋರಿಸಿದರು. ಈಗ ಮದುವೆಯಾಗಿ ಇಪ್ಪತ್ತನೆಯ ವಯಸ್ಸಿಗೆ ಅತ್ತೆಯ ಮನೆಯ ಒಲೆಯ ಮುಂದೆ ಕುಳಿತವಳೊಬ್ಬಳನ್ನು ಊಹಿಸಿಕೊಳ್ಳಿರಿ. ಅಡಿಗೆಗೂ ಬಚ್ಚಲಿನ ನೀರಿಗೂ ಸೇರಿ ದಿನಕ್ಕೆ ಮೂರು ಗಂಟೆಯೆಂದರೆ ಹೆಚ್ಚಲ್ಲ. ನಲವತ್ತಕ್ಕೆ ಅವಳ ಲೆಕ್ಕ ಭರ್ತಿಯಾಯಿತು. ಮಗಳ ಮದುವೆಯನ್ನು ಮಾಡುವ ಹೊತ್ತಿಗೆ ಮಹಡಿಯ ಮೆಟ್ಟಿಲು ಹತ್ತಲಾಗದೆ ನಿಲ್ಲುವ ತಾಯಂದಿರನ್ನು ನಾವು ಎಷ್ಟು ಜನರನ್ನು ನೋಡಿಲ್ಲ!

ಇಲ್ಲಿ ಶಿರಸಿಯ ಜನರ ಒಂದು ಹಿರಿಮೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಸಗಣಿಯ ಅನಿಲದ ಸ್ಥಾವರಗಳು ದೇಶದ ಅನೇಕ ಕಡೆ ಕಟ್ಟಿದ ಕೆಲವೇ ವರ್ಷಗಳಲ್ಲಿ ಪಾಳುಬಿದ್ದ ಕಾಲದಲ್ಲಿ ಶಿರಸಿ ತಾಲೂಕಿನಲ್ಲಿ ಅವು ನೆಲೆಯೂರಿದವು. ಪಿ.ಆರ್. ಭಟ್ಟ, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ ಇವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಶಿರಸಿಯ ಯಶೋಗಾಥೆಯೆಂದೇ ಕರೆಯಿತು. ದನ ಕಟ್ಟುವ ಮನೆ, ತೋಟಕ್ಕೆ ಬೇಕಾದ ಗೊಬ್ಬರ, ಹತ್ತಿರದಲ್ಲೇ ದುರಸ್ತಿ ಮಾಡಬಲ್ಲ ಕೆಲಸಗಾರ ಇವೆಲ್ಲ ಒಂದೆಡೆ ಕೂಡಿದ್ದರಿಂದ ಅಡಿಗೆಮನೆಯಿಂದ ಹೊಗೆ ಹೊರಟುಹೋಯಿತು. ಶ್ವಾಸಕೋಶದ ದೃಷ್ಟಿಯಿಂದ ಇದು ಎಷ್ಟೋ ಔಷಧಗಳಿಗಿಂತ ಮೇಲಾದ ಚಿಕಿತ್ಸೆ. ಯಾರೂ ಅದನ್ನು ಚಿಕಿತ್ಸೆಯೆಂದು ಕರೆಯಲಿಲ್ಲ, ಅಷ್ಟೆ. ಆದರೆ ಅಡಿಗೆಮನೆಯಿಂದ ಹೊರಟ ಹೊಗೆ ಬಚ್ಚಲಮನೆಯಲ್ಲಿ ಉಳಿದುಕೊಂಡಿತು. ಸ್ನಾನದ ಹಂಡೆಗೆ ಅನಿಲವನ್ನು ವ್ಯಯಿಸುವುದು ಗೃಹಸ್ಥನಿಗೆ ದುಂದೆಂದು ತೋರುತ್ತದೆ. ಬೆಟ್ಟದ ಕಟ್ಟಿಗೆ ಪುಕ್ಕಟೆ. ದನಗಳಿಲ್ಲದ, ತೋಟವಿಲ್ಲದ ಕೂಲಿಕಾರನ ಮನೆಗೆ ಈ ಸ್ಥಾವರ ಬರಲೇ ಇಲ್ಲವೆಂಬುದನ್ನೂ ಮರೆಯಲಾಗದು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಅಂಥ ಮನೆಗಳಿಗೆ ಸಿಲಿಂಡರನ್ನು ಕೊಟ್ಟಿತು. ಮುಗಿದ ಸಿಲಿಂಡರನ್ನು ಮತ್ತೆ ತುಂಬಿಸಿಕೊಳ್ಳುವ ಹಣ ಆಯಾ ಮನೆಯವರ ಪಾಡು.

ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ವಿಜ್ಞಾನದ ವಿದ್ಯಾರ್ಥಿಯು ತನಗೆ ಪ್ರಿಯವಾದ ಪಕ್ಷಕ್ಕೆ ಪ್ರತಿಕೂಲವಾದ ಫಲಿತಾಂಶವನ್ನು ಮುಚ್ಚಿಡಬಾರದು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ ಈ ನಾಲ್ಕು ದೇಶಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕು ಗರ್ಭಿಣಿಯರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಅನಿಲದ ಒಲೆಯನ್ನೂ ಇಂಧನವನ್ನೂ ಪುಕ್ಕಟೆಯಾಗಿ ಕೊಟ್ಟು ಒಂದು ಪ್ರಯೋಗವನ್ನು ನಡೆಸಲಾಯಿತು. ನಮ್ಮ ದೇಶದಲ್ಲಿ ಇದು ನಡೆದದ್ದು ತಮಿಳುನಾಡಿನಲ್ಲಿ. ಕಟ್ಟಿಗೆಯ ಒಲೆಯವರು ಸೇವಿಸುವ ಗಾಳಿಯಲ್ಲಿ ಘನಮೀಟರಿಗೆ ಎಪ್ಪತ್ತು ಮೈಕ್ರೋಗ್ರಾಂ ಸೂಕ್ಷ್ಮಕಣಗಳಿದ್ದರೆ ಅನಿಲದವರಲ್ಲಿ ಅದು ಇಪ್ಪತ್ತನಾಲ್ಕಕ್ಕೆ ಇಳಿಯಿತು. ಹೀಗಿದ್ದೂ ೨೦೨೨ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳ ಹುಟ್ಟುತೂಕದಲ್ಲಿಯೂ, ೨೦೨೪ರಲ್ಲಿ ಪ್ರಕಟವಾದುದರಂತೆ ಶಿಶುಗಳ ತೀವ್ರ ನ್ಯುಮೋನಿಯಾದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಹೊಗೆ ನಿರುಪದ್ರವಿಯೆ? ಅಲ್ಲ. ಎರಡು ವರ್ಷದ ಪ್ರಯೋಗವು ಇಪ್ಪತ್ತು ವರ್ಷದ ಹೊಗೆಯ ಲೆಕ್ಕವನ್ನು ಅಳೆಯಲಾರದು. ಅಲ್ಲದೆ ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಗೊತ್ತುಪಡಿಸಿದ ಮಿತಿ ಐದು ಮೈಕ್ರೋಗ್ರಾಂ. ಇಪ್ಪತ್ತನಾಲ್ಕು ಕೂಡ ಅದರ ಐದು ಪಾಲಿನ ಹತ್ತಿರವೇ. ಒಂದು ಒಲೆಯನ್ನು ಬದಲಿಸಿ ಉಳಿದೆರಡನ್ನು ಉರಿಯಬಿಟ್ಟರೆ ಸಾಲದೆಂಬುದೇ ಇದರಿಂದ ನಾವು ಕಲಿಯಬೇಕಾದದ್ದೆಂದು ತೋರುತ್ತದೆ. ಮಲೆನಾಡಿನ ಮನೆಗೆ ಒಲೆಗಳು ಮೂರು: ಅಡಿಗೆಯದು, ಬಚ್ಚಲಿನದು, ಅಡಿಕೆಯದು.

ಹೊಗೆಯಿಂದ ಕೆಟ್ಟ ಶ್ವಾಸಕೋಶವನ್ನು ಗುರುತಿಸುವುದು ಹೇಗೆ? ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯನು ೧೮೪೬ರಲ್ಲಿ ಸ್ಪೈರೋಮೀಟರ್ ಎಂಬ ಉಸಿರುಮಾಪಕವನ್ನು ವರ್ಣಿಸಿದನು. ತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಬಲವಾಗಿ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟಾದರೂ ಮೊದಲನೆಯ ಸೆಕೆಂಡಿನಲ್ಲೇ ಹೊರಬರಬೇಕು. ನಾಳವನ್ನು ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅದಕ್ಕಿಂತ ಕಡಮೆಯಾದರೆ ನಾಳಗಳು ಶಾಶ್ವತವಾಗಿ ಕಿರಿದಾಗಿವೆಯೆಂದು ತಿಳಿಯಬೇಕು. ಇಂದು ಈ ಯಂತ್ರವು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ರಕ್ತದೊತ್ತಡವನ್ನು ಅಳೆಯುವ ಉಪಕರಣವಿಲ್ಲದ ಆಸ್ಪತ್ರೆಯನ್ನು ನಾವು ಊಹಿಸಲಾರೆವು. ಹೃದಯರೋಗದ ತರುವಾಯ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ರೋಗ ಇದೇ ಆಗಿರುವಾಗ ಉಸಿರುಮಾಪಕವಿಲ್ಲದ ಆಸ್ಪತ್ರೆಯನ್ನು ಮಾತ್ರ ಸಹಜವೆಂದು ಹೇಗೆ ಒಪ್ಪಿಕೊಂಡಿದ್ದೇವೆಯೋ ತಿಳಿಯದು.

ರೋಗ ತಿಳಿದ ಮೇಲೆಯೂ ತೊಡಕು ಮುಗಿಯುವುದಿಲ್ಲ. ಸೇದುವ ಔಷಧವೆಂದರೆ ನಮ್ಮ ಜನರಿಗೆ ಏನೋ ಅಳುಕು. ‘ಪಂಪು ಒಮ್ಮೆ ಹಿಡಿದರೆ ಬಿಡಲಾಗದು’, ‘ಅದು ಕೊನೆಯ ಮದ್ದು’, ಹೆಣ್ಣುಮಕ್ಕಳಾದರೆ ‘ಮದುವೆಗೆ ತೊಡಕು’. ಗುಳಿಗೆಯಾದರೆ ಯಾರಿಗೂ ಕಾಣದೆ ನುಂಗಬಹುದು. ಈ ನಂಬಿಕೆಯನ್ನು ಬರಿಯ ಅಂಕಗಣಿತದಿಂದಲೇ ಪರೀಕ್ಷಿಸೋಣ. ಸಾಲ್ಬುಟಮಾಲ್ ಎಂಬ ಔಷಧವನ್ನು ಎರಡು ಸಲ ಸೇದಿದರೆ ದೇಹಕ್ಕೆ ಹೋಗುವುದು ೨೦೦ ಮೈಕ್ರೋಗ್ರಾಂ. ಅದೇ ಔಷಧದ ಗುಳಿಗೆಯೊಂದರಲ್ಲಿ ೪ ಮಿಲಿಗ್ರಾಂ, ಅಂದರೆ ೪,೦೦೦ ಮೈಕ್ರೋಗ್ರಾಂ. ಎದೆಯೊಳಗಿನ ನಾಳಕ್ಕೆ ಮುಟ್ಟಬೇಕಾದ ಮದ್ದನ್ನು ಹೊಟ್ಟೆಯ ದಾರಿಯಿಂದ ಕಳುಹಿಸುವುದಕ್ಕೆ ಇಪ್ಪತ್ತು ಪಾಲು ಹೆಚ್ಚು ಸುಂಕ! ಕೈನಡುಕ, ಎದೆಬಡಿತಗಳು ಈ ಸುಂಕದ ಬಡ್ಡಿ. ನಾಳವನ್ನು ಹಿಗ್ಗಿಸುವ ಈ ಮದ್ದೊಂದನ್ನೇ ನೆಚ್ಚಿರುವುದೂ ತಪ್ಪೆಂದು ಅಂತರರಾಷ್ಟ್ರೀಯ ಆಸ್ತಮಾ ತಜ್ಞರ ಮಂಡಲಿಯು ೨೦೧೯ರಲ್ಲಿ ತನ್ನ ಮೊದಲಿನ ಸಲಹೆಯನ್ನೇ ತಿದ್ದಿಕೊಂಡಿತು. ಉಬ್ಬಸವು ಮೂಲತಃ ನಾಳದ ಉರಿಯೂತವಾದ್ದರಿಂದ ಉರಿಯೂತವನ್ನು ಶಮನಗೊಳಿಸುವ ಸ್ಟಿರಾಯ್ಡನ್ನು ಅಲ್ಪ ಪ್ರಮಾಣದಲ್ಲಿ ಸೇದುವುದೇ ಚಿಕಿತ್ಸೆಯ ಬುಡ. ಇದನ್ನು ಮಾಡಲು ದೊಡ್ಡ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಸೇದುವ ಕ್ರಮವನ್ನು ತಾಳ್ಮೆಯಿಂದ ಹತ್ತು ನಿಮಿಷ ಕಲಿಸಿಕೊಡುವವರು ಬೇಕು.

ಇದಕ್ಕೆ ಹೋಲಿಸಿದರೆ ಪತ್ರಿಕೆಗಳಲ್ಲಿ ದೊಡ್ಡಕ್ಷರಗಳಲ್ಲಿ ಬರುವ ಹೊಸ ಔಷಧಗಳ ಕಥೆಯೇ ಬೇರೆ. ಡುಪಿಲುಮಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು ರಕ್ತದಲ್ಲಿ ಒಂದು ವಿಧದ ಬಿಳಿಕಣಗಳು ಹೆಚ್ಚಾಗಿರುವ ರೋಗಿಗಳಲ್ಲಿ ರೋಗ ಉಲ್ಬಣಿಸುವುದನ್ನು ಮೂರರಲ್ಲೊಂದು ಪಾಲಿನಷ್ಟು ತಗ್ಗಿಸಿತೆಂದು ೨೦೨೩ ಮತ್ತು ೨೦೨೪ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ತೋರಿಸಿದವು. ಬುದ್ಧಿವಂತಿಕೆಯ ಕೆಲಸವೇ ಸರಿ. ಆದರೆ ಅದರ ಬೆಲೆಯನ್ನು ಕೇಳಿದರೆ ತೋಟದ ಒಡೆಯನೂ ಹಿಂದೆಗೆದಾನು, ತೋಟದ ಕೂಲಿಯ ಮಾತಂತಿರಲಿ.

ಇನ್ನು ಕ್ಷಯರೋಗ. ಈ ಕಥೆ ಇನ್ನಷ್ಟು ಸ್ವಾರಸ್ಯವಾದದ್ದು. ವಿಜ್ಞಾನವು ತನ್ನ ತೀರ್ಮಾನವನ್ನು ತಾನೇ ಮರಳಿ ತೂಗಿ ನೋಡಿದ ಕಥೆ. ರಾಬರ್ಟ್ ಕಾಖ್ ಈ ರೋಗಾಣುವನ್ನು ಲೋಕಕ್ಕೆ ಸಾರಿದ್ದು ೧೮೮೨ರ ಮಾರ್ಚ್ ೨೪ರಂದು. ಅನಂತರವೂ ಅರುವತ್ತು ವರ್ಷಗಳ ಕಾಲ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇವಿಷ್ಟೇ ಮದ್ದು. ಮೈಸೂರಿನ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮವು ಆ ಕಾಲದ ಸ್ಮಾರಕ. ರಾಜಮನೆತನವನ್ನೂ ಈ ರೋಗ ಬಿಟ್ಟಿರಲಿಲ್ಲ. ಸ್ಟ್ರೆಪ್ಟೋಮೈಸಿನ್, ಐಸೋನಿಯಜಿಡ್ ಮೊದಲಾದ ಔಷಧಗಳು ಬಂದ ಮೇಲೆ ಮದರಾಸಿನಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಕೇಂದ್ರವು ಜಗತ್ತೇ ಬೆರಗಾಗುವಂಥ ಪ್ರಯೋಗವೊಂದನ್ನು ನಡೆಸಿತು. ೧೯೩ ರೋಗಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಕೆಲವರನ್ನು ಆರೋಗ್ಯಧಾಮದಲ್ಲಿ ಇರಿಸಿ, ಉಳಿದವರನ್ನು ಅವರವರ ಗುಡಿಸಲಿನಲ್ಲೇ ಬಿಟ್ಟು, ಎಲ್ಲರಿಗೂ ಒಂದು ವರ್ಷ ಒಂದೇ ಔಷಧವನ್ನು ಕೊಟ್ಟರು. ೧೯೫೯ರಲ್ಲಿ ಫಲಿತಾಂಶ ಹೊರಬಿತ್ತು: ಮನೆಯಲ್ಲಿದ್ದವರೂ ಬಹುಮಟ್ಟಿಗೆ ಸಮಾನವಾಗಿ ಗುಣಹೊಂದಿದ್ದರು. ಅವರ ಊಟ ಬಡವಾಗಿದ್ದರೂ ಗುಣವಾಯಿತು.

ಆರೋಗ್ಯಧಾಮಗಳ ಯುಗ ಅಲ್ಲಿಗೆ ಮುಗಿಯಿತು. ಬಡದೇಶಗಳಿಗೆ ಅದೊಂದು ವರವೇ ಆಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಭಾವನೆಯೂ ಬೇರೂರಿತು: ಔಷಧವಿದ್ದರೆ ಸಾಕು, ಅನ್ನದ ಯೋಚನೆ ವೈದ್ಯರದಲ್ಲ! ಪ್ರಯೋಗವು ಹೇಳಿದ್ದು ಅಷ್ಟಲ್ಲ. ಗುಣವಾಗುವುದಕ್ಕೆ ಔಷಧ ಮುಖ್ಯವೆಂದು ಅದು ಹೇಳಿತು. ರೋಗ ಬಾರದಿರುವುದಕ್ಕೂ ರೋಗಿ ಸಾಯದಿರುವುದಕ್ಕೂ ಅನ್ನ ಮುಖ್ಯವಲ್ಲವೆಂದು ಹೇಳಲಿಲ್ಲ. ಒಂದು ಪ್ರಯೋಗದ ಉತ್ತರವನ್ನು ಅದು ಕೇಳದ ಪ್ರಶ್ನೆಗೆ ಅನ್ವಯಿಸುವ ಈ ತಪ್ಪನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ಬಿಟ್ಟುಹೋದ ಪ್ರಶ್ನೆಯನ್ನು ಅರುವತ್ತು ವರ್ಷಗಳ ಮೇಲೆ ಎತ್ತಿಕೊಂಡವರು ನಮ್ಮ ಜಿಲ್ಲೆಗೆ ದೂರವಲ್ಲದ ಮಂಗಳೂರಿನ ಯೇನೆಪೊಯ ವೈದ್ಯಕೀಯ ಕಾಲೇಜಿನ ಡಾ|| ಅನುರಾಗ್ ಭಾರ್ಗವ ಮತ್ತು ಡಾ|| ಮಾಧವಿ ಭಾರ್ಗವ. ೨೦೧೯ರಿಂದ ೨೦೨೨ರವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ೨,೮೦೦ ರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಮಿಕ್ಕ ಜನರನ್ನೂ ಸೇರಿಸಿಕೊಂಡು ಈ ಪ್ರಯೋಗ ನಡೆಯಿತು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ತೀರ ಕೃಶರು. ಅವರೆಲ್ಲರಿಗೂ ತಿಂಗಳಿಗೆ ಹತ್ತು ಕಿಲೋಗ್ರಾಮಿನಷ್ಟು ಆಹಾರಸಾಮಗ್ರಿ ದೊರೆಯಿತು. ಅರ್ಧ ಮನೆಗಳಲ್ಲಿ ಉಳಿದವರಿಗೂ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಕಾಳು. ಇಷ್ಟೇ. ೨೦೨೩ರ ಆಗಸ್ಟಿನಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಕ್ಕಿಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ನೂರಕ್ಕೆ ೩೯ರಷ್ಟು ಇಳಿಯಿತು. ಶ್ವಾಸಕೋಶದ ಸಾಂಕ್ರಾಮಿಕ ಕ್ಷಯವಂತೂ ೪೮ರಷ್ಟು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಮರಣದ ಸಂಭವ ೬೧ರಷ್ಟು ಕಡಮೆ. ಲಸಿಕೆಯೊಂದು ಇಷ್ಟು ಫಲ ಕೊಟ್ಟಿದ್ದರೆ ಲೋಕವೆಲ್ಲ ಡಂಗುರ ಹೊಡೆಯುತ್ತಿತ್ತು. ಬೇಳೆಗೆ ಡಂಗುರವಿಲ್ಲ.

ಸರಕಾರವು ಸುಮ್ಮನಿಲ್ಲವೆಂಬುದನ್ನು ಒಪ್ಪಬೇಕು. ೨೦೧೮ರ ಏಪ್ರಿಲಿನಿಂದ ಕ್ಷಯರೋಗಿಗೆ ಪೋಷಣೆಗಾಗಿ ತಿಂಗಳಿಗೆ ಐನೂರು ರೂಪಾಯಿ ಸಲ್ಲುತ್ತಿತ್ತು. ೨೦೨೪ರ ನವಂಬರಿನಿಂದ ಅದು ಸಾವಿರವಾಯಿತು. ಮನೆಯ ಉಳಿದವರ ಆಹಾರಪೊಟ್ಟಣವನ್ನು ಮಾತ್ರ ದಾನಿಗಳಾದ ‘ನಿ-ಕ್ಷಯ ಮಿತ್ರ’ರ ಔದಾರ್ಯಕ್ಕೆ ಬಿಡಲಾಗಿದೆ. ಇದು ನಮಗೆ ಸರಿತೋರುವುದಿಲ್ಲ. ರೋಗವನ್ನು ಅರ್ಧದಷ್ಟು ತಡೆಯಬಲ್ಲ ವಸ್ತುವು ದಾನವಾಗಿರಬಾರದು. ಯಲ್ಲಾಪುರದ ಕಾಡಂಚಿನ ಸಿದ್ದಿಗಳ, ಗೌಳಿಗಳ ವಸತಿಗಳನ್ನು ಹುಡುಕಿಕೊಂಡು ಎಷ್ಟು ಜನ ದಾನಿಗಳು ಹೋದಾರು? ಪಡಿತರದ ಅಂಗಡಿಯು ಈಗಾಗಲೇ ಊರೂರಿಗೂ ಇದೆ. ಕ್ಷಯವಿರುವ ಮನೆಯ ಚೀಟಿಗೆ ಆರು ತಿಂಗಳು ಬೇಳೆಯನ್ನೂ ಎಣ್ಣೆಯನ್ನೂ ಸೇರಿಸಿ ಕೊಡುವುದಕ್ಕೆ ಹೊಸ ಇಲಾಖೆಯೊಂದು ಬೇಕಾಗಿಲ್ಲ. ಯಾರ ಮನೆಯಲ್ಲಿ ರೋಗವಿದೆಯೆಂಬುದು ಅಂಗಡಿಯ ಸಾಲಿನಲ್ಲಿ ಬಯಲಾಗದಂತೆ ಎಚ್ಚರ ವಹಿಸಿದರೆ ಸಾಕು.

ರೋಗವನ್ನು ಪತ್ತೆಮಾಡುವ ವಿಷಯದಲ್ಲಿಯೂ ಕನ್ನಡನಾಡು ಹಿಂದೆ ಬಿದ್ದಿಲ್ಲ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ೧೯೬೩ರಲ್ಲಿ ತುಮಕೂರು ಜಿಲ್ಲೆಯ ರೋಗಿಗಳನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಷಾದಕರ ಸಂಗತಿ ಹೊರಬಿತ್ತು: ರೋಗಿಗಳು ಅಜ್ಞಾನದಿಂದ ಮನೆಯಲ್ಲಿ ಕುಳಿತಿರಲಿಲ್ಲ. ಅರ್ಧದಷ್ಟು ಜನರು ತಾವಾಗಿ ಆಸ್ಪತ್ರೆಗೆ ಹೋಗಿದ್ದರು. ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಸೀಸೆ. ಇಂದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡು ನಮ್ಮ ಗಡಿಯಾಚೆಯ ಗೋವೆಯಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವು ಬ್ಯಾಟರಿಯ ಬಲದಿಂದಲೇ ಕಫದಲ್ಲಿರುವ ರೋಗಾಣುವಿನ ವಂಶದ್ರವ್ಯವನ್ನು ಗಂಟೆಯೊಂದರ ಆಸುಪಾಸಿನಲ್ಲಿ ಗುರುತಿಸುತ್ತದೆ. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಮಾನ್ಯಮಾಡಿತು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದ ಸೀಮೆಗಾಗಿಯೇ ಮಾಡಿದಂತಿದೆ! ಔಷಧಕ್ಕೆ ಬಗ್ಗದ ಹಟಮಾರಿ ಕ್ಷಯಕ್ಕೂ ಹಿಂದೆ ಒಂದೂವರೆ ಎರಡು ವರ್ಷ ಹಿಡಿಯುತ್ತಿದ್ದ, ಕಿವುಡುತನ ತರುತ್ತಿದ್ದ ಚುಚ್ಚುಮದ್ದುಗಳ ಬದಲು ಬೆಡಾಕ್ವಿಲಿನ್ ಮೊದಲಾದ ನಾಲ್ಕು ಗುಳಿಗೆಗಳ ಆರು ತಿಂಗಳ ಚಿಕಿತ್ಸೆಯನ್ನು ವಿಶ್ವಸಂಸ್ಥೆಯ ತಜ್ಞರು ೨೦೨೨ರಲ್ಲಿ ಶಿಫಾರಸು ಮಾಡಿದರು; ೨೦೨೪ರಲ್ಲಿ ನಮ್ಮ ಕೇಂದ್ರ ಸರಕಾರವೂ ಒಪ್ಪಿಗೆಯಿತ್ತಿತು. ಯಂತ್ರವಿದ್ದು, ಗುಳಿಗೆಯಿದ್ದು, ಮೂರು ವಾರದ ಕೆಮ್ಮಿನವನಿಗೆ ಮತ್ತೆ ಸೀಸೆಯನ್ನೇ ಕೊಟ್ಟು ಕಳುಹಿಸಿದರೆ ಅರುವತ್ತು ವರ್ಷಗಳ ಹಿಂದಿನ ತುಮಕೂರೇ ಆಯಿತು.

೨೦೨೨ರಲ್ಲಿ ನಮ್ಮ ಜಿಲ್ಲೆಯ ಜನರು ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂದು ಒಕ್ಕೊರಲಿನಿಂದ ಕೇಳಿದರು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು. ಅಪಘಾತಕ್ಕೆ ಸಿಕ್ಕವನನ್ನು ಹೊತ್ತುಕೊಂಡು ಆ ದಾರಿಯನ್ನು ಸವೆಸಿದವರಿಗೆ ಈ ಬೇಡಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆ ಬರಲಿ. ಆದರೆ ಶ್ವಾಸಕೋಶದ ರೋಗಿಗೆ ಅದು ತಡವಾಗಿ ಸಿಗುವ ಸಹಾಯ. ಅವನು ಅಲ್ಲಿಗೆ ಹೋಗುವ ಹೊತ್ತಿಗೆ ವಾಯುಕೋಶಗಳು ಹರಿದುಹೋಗಿರುತ್ತವೆ. ಹರಿದದ್ದನ್ನು ಹೊಲಿಯುವ ವಿದ್ಯೆ ಯಾವ ದೊಡ್ಡ ಆಸ್ಪತ್ರೆಗೂ ಇನ್ನೂ ತಿಳಿದಿಲ್ಲ. ಮಂಗನ ಕಾಯಿಲೆಯಿಂದ ಸಿದ್ದಾಪುರದಲ್ಲಿ ಒಂದು ಸಾವಾದರೆ ಅಧಿಕಾರಿಗಳು ಧಾವಿಸಿ ಬರುತ್ತಾರೆ, ಬರಲೇಬೇಕು. ಹೊಗೆಯು ಹಾಗೆ ಸುದ್ದಿಮಾಡಿಕೊಂಡು ಕೊಲ್ಲುವುದಿಲ್ಲ. ಆದ್ದರಿಂದ ಬೇಡಿಕೆಯ ಪಟ್ಟಿಯಲ್ಲಿ ಆಸ್ಪತ್ರೆಯ ಮೇಲಿನ ಸಾಲಿನಲ್ಲೇ, ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಉಸಿರುಮಾಪಕ, ಅದನ್ನು ನಡೆಸಬಲ್ಲ ಒಬ್ಬ ತರಬೇತಿ ಪಡೆದವರು, ಎಂದಿಗೂ ತೀರಿಹೋಗದಂತೆ ಸೇದುವ ಔಷಧ, ಬಚ್ಚಲ ಒಲೆಗೆ ಮಾಡಿನಿಂದ ಮೇಲಕ್ಕೇರುವ ಹೊಗೆಗೊಳವೆ ಇವನ್ನೂ ಬರೆಯಬೇಕೆಂದು ನಾವು ಕೇಳುತ್ತೇವೆ. ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸಾಧನವು ಬೇಸಿಗೆಯಲ್ಲಾದರೂ ಆ ಒಲೆಯನ್ನು ಆರಿಸೀತು. ಆಷಾಢದಲ್ಲಿ ಅದರ ಆಟ ನಡೆಯದೆಂಬುದು ನಮಗೂ ತಿಳಿದಿದೆ.

ಈ ಮಧ್ಯೆ ನಮ್ಮ ವಾಚಕರಲ್ಲಿ ಯಾರಾದರೂ ಮಾಡಬಹುದಾದ ಒಂದು ಲೆಕ್ಕವಿದೆ. ಇಂದು ಸಂಜೆ ಮನೆಯಲ್ಲಿ ತಾಯಿಯನ್ನೋ ಅಜ್ಜಿಯನ್ನೋ ಕೇಳಿರಿ: ಕಟ್ಟಿಗೆಯ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ? ಗುಣಾಕಾರವನ್ನು ಮಾಡಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಅದು ಅರುವತ್ತನ್ನು ದಾಟಿದ್ದು, ಕೆಮ್ಮೂ ಇದ್ದರೆ, ಮುಂದಿನ ಸಲ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವಾಗ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.